ಸಹಿ ಬೀಳುವ ಊರು

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಯಾವುದಾದರೂ ಒಂದು ಭಾನುವಾರ ರಾತ್ರಿ ಊಟ ಮುಗಿಸಿ ನಿಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿ. ಹುಡುಗ ಹುಡುಗಿಯರ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ತುಪ್ಪ. ಬಿಡಲು ಬಂದ ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಬಸ್ಸು ಹೊರಡುವ ತನಕ ಅಲ್ಲೇ ನಿಂತಿರುತ್ತಾರೆ. ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿ, ಕಲಬುರಗಿ, ಎಲ್ಲ ಕಡೆಯೂ ಅವತ್ತು ರಾತ್ರಿ ಇದೇ ನೋಟ. ಸಾಲಾಗಿ ನಿಂತ ಬಸ್ಸುಗಳ ಬೋರ್ಡಿನ ಮೇಲೆ ಒಂದೇ ಹೆಸರು, ಬೆಂಗಳೂರು.

ಇನ್ನೊಂದು ಬಸ್ಸು ಇದೆ. ಅದು ಯಾದಗಿರಿ, ಸುರಪುರ, ದೇವದುರ್ಗದ ಕಡೆಯಿಂದ ಹೊರಡುತ್ತದೆ. ಅದಕ್ಕೆ ಸಂಸಾರಕ್ಕೆ ಸಂಸಾರವೇ ಹತ್ತುತ್ತದೆ. ಗಂಡ, ಹೆಂಡತಿ, ಕಂಕುಳಲ್ಲಿ ಕೂಸು, ಪಾತ್ರೆ ತುಂಬಿದ ಚೀಲ. ಗುಳೆ ಹೊರಟವರು. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಯಾವುದೋ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಕಟ್ಟಡ ಮುಗಿದ ಮೇಲೆ ಅದರಲ್ಲಿ ಬಾಡಿಗೆಗೆ ಬರುವವರು ಆ ಮೊದಲನೇ ಬಸ್ಸಿನ ಹುಡುಗ ಹುಡುಗಿಯರು.

ಈ ಎರಡೂ ಬಸ್ಸು ಯಾಕೆ ಒಂದೇ ಕಡೆಗೆ ಹೋಗುತ್ತವೆ? ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ. ಹಳ್ಳಿ ಶಾಖೆಯಲ್ಲಿ, ತಾಲ್ಲೂಕು ಶಾಖೆಯಲ್ಲಿ, ಕಲಬುರಗಿಯಲ್ಲಿ, ನಿಮ್ಮ ಊರಿನ ಕಡೆ, ಕೊನೆಗೆ ಬೆಂಗಳೂರಿನ ಹೆಡ್ ಆಫೀಸಿನಲ್ಲಿ. ಅಲ್ಲಿ ಕೂತು ಕಂಡದ್ದನ್ನೇ ಇವತ್ತು ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರದ ಜನಸಂಖ್ಯೆ ಸುಮಾರು 84 ಲಕ್ಷ. ಎರಡನೇ ದೊಡ್ಡ ನಗರ ಹುಬ್ಬಳ್ಳಿ-ಧಾರವಾಡ, 9.4 ಲಕ್ಷ. ಅದೂ ಎರಡು ಊರು ಸೇರಿಸಿ. ಮೈಸೂರು ಅದರ ಹತ್ತಿರವೇ. ದಾವಣಗೆರೆ 4.35 ಲಕ್ಷ. ಅಂದರೆ ಒಂದು ಬೆಂಗಳೂರಿನೊಳಗೆ ಹತ್ತೊಂಬತ್ತು ದಾವಣಗೆರೆ ಹಿಡಿಸುತ್ತವೆ. ಈಗ ಪಕ್ಕದ ರಾಜ್ಯ ನೋಡಿ. ಅದೇ ಜನಗಣತಿಯಲ್ಲಿ, ಸುತ್ತಲಿನ ಊರುಗಳನ್ನೂ ಸೇರಿಸಿ ಚೆನ್ನೈ ಸುಮಾರು 87 ಲಕ್ಷ, ಕೊಯಮತ್ತೂರು 21 ಲಕ್ಷ. ಒಂದಕ್ಕೆ ನಾಲ್ಕು. ಗುಜರಾತಿನಲ್ಲಿ ಅಹಮದಾಬಾದ್ 63 ಲಕ್ಷ, ಸೂರತ್ 46 ಲಕ್ಷ. ಸೂರತ್ ಹಿಂದೆ ವಡೋದರಾ, ರಾಜಕೋಟ್ ಇವೆ. ಮುಂಬೈ ಎಷ್ಟೇ ದೊಡ್ಡದಾದರೂ ಮಹಾರಾಷ್ಟ್ರದಲ್ಲಿ 50 ಲಕ್ಷದ ಪುಣೆ ಇದೆ, ನಾಗಪುರ, ನಾಸಿಕ್ ಇವೆ. ನಮ್ಮಲ್ಲಿ ಒಂದಕ್ಕೆ ಒಂಬತ್ತು. ನಡುವೆ ಮೆಟ್ಟಿಲೇ ಇಲ್ಲ.

1939ರಲ್ಲಿ ಮಾರ್ಕ್ ಜೆಫರ್ಸನ್ ಎಂಬ ಅಮೆರಿಕದ ಭೂಗೋಳ ಶಾಸ್ತ್ರಜ್ಞರು ಇಂಥ ನಗರಗಳ ಬಗ್ಗೆ ಬರೆದರು. ಒಂದು ನಾಡಿನಲ್ಲಿ ಒಂದು ನಗರ ಉಳಿದವುಗಳಿಗಿಂತ ಸ್ವಲ್ಪ ದೊಡ್ಡದಾದರೆ ಸಾಕು, ಪ್ರತಿಭೆ, ದುಡ್ಡು, ಅಧಿಕಾರ ಎಲ್ಲ ಅದರ ಕಡೆಗೇ ಸರಿಯುತ್ತದೆ, ಅದು ಇನ್ನೂ ದೊಡ್ಡದಾಗುತ್ತದೆ ಎಂದರು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಹೊಲದಲ್ಲಿ ನೀರು ಒಂದು ಸಲ ಒಂದು ಕಡೆ ಕೊರಕಲು ಮಾಡಿತು ಅಂದರೆ ಮುಂದಿನ ಮಳೆಯ ನೀರೆಲ್ಲ ಅದರಲ್ಲೇ ಹೋಗುತ್ತೆ ಅಲ್ವಾ? ಬದು ಕಟ್ಟದಿದ್ದರೆ ಕೊರಕಲು ಹಳ್ಳವಾಗುತ್ತದೆ.

ಆದಾಯದ ಲೆಕ್ಕವೂ ಹೀಗೇ. ರಾಜ್ಯದ ಒಟ್ಟು ಉತ್ಪಾದನೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ. ತಲಾದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಮೊದಲು, ಕಲಬುರಗಿ ಕೊನೆ. ನಡುವಿನ ಅಂತರ ನಾಲ್ಕು ಪಟ್ಟಿಗಿಂತ ಹೆಚ್ಚು. ಇಲ್ಲಿ ವಾಣಿಜ್ಯದ ವಿದ್ಯಾರ್ಥಿಗಳು ಇದ್ದೀರಿ, ಒಂದು ಎಚ್ಚರಿಕೆ ಹೇಳಬೇಕು. ಜಿಲ್ಲೆಯ ತಲಾದಾಯ ಎಂದರೆ ಅಲ್ಲಿನ ಜನರ ಜೇಬಿಗೆ ಬಂದ ದುಡ್ಡಲ್ಲ. ಆ ಜಿಲ್ಲೆಯಲ್ಲಿ ಆದ ಉತ್ಪಾದನೆಯನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ತಗಡಿನ ಶೆಡ್ಡಿನಲ್ಲಿ ಮಲಗುವ ಸುರಪುರದ ಹೆಣ್ಣುಮಗಳ ದುಡಿಮೆಯೂ ಬೆಂಗಳೂರಿನ ಉತ್ಪಾದನೆಯಲ್ಲಿ ಸೇರಿದೆ. ಹಾಗಂತ ಅಂತರ ಸುಳ್ಳಲ್ಲ. ಅದು ಬೆಂಗಳೂರಿನ ಒಳಗೂ ಇದೆ ಎಂದು ನೆನಪಿಟ್ಟುಕೊಳ್ಳಿ.

ಇದೆಲ್ಲ ಎಲ್ಲಿಂದ ಶುರುವಾಯಿತು? ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೇ ಮೈಸೂರು ಸಂಸ್ಥಾನ ತನ್ನ ಕಾರ್ಖಾನೆಗಳನ್ನು ಒಂದೇ ಊರಿನಲ್ಲಿ ಗುಡ್ಡೆ ಹಾಕಲಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ. ಆಮೇಲೆ ಭದ್ರಾವತಿಯಲ್ಲೇ ಕಾಗದದ ಕಾರ್ಖಾನೆ. 1941ರಲ್ಲಿ ನಿಮ್ಮ ಪಕ್ಕದ ಹರಿಹರದಲ್ಲಿ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ತಯಾರಿಸುವ ಮೈಸೂರು ಕಿರ್ಲೋಸ್ಕರ್. ಅದಿರು ಎಲ್ಲಿ, ಕಬ್ಬು ಎಲ್ಲಿ, ನದಿ ಎಲ್ಲಿ, ರೈಲು ಎಲ್ಲಿ ಎಂದು ನೋಡಿ ಊರು ಆರಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ದೊಡ್ಡ ಕಾರ್ಖಾನೆಗಳು ಬಂದವು. ಎಚ್‌ಎಎಲ್ 1940ರಿಂದಲೇ ಬೆಂಗಳೂರಿನಲ್ಲಿತ್ತು. 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್, 1964ರಲ್ಲಿ ಮಣ್ಣೆತ್ತುವ ಯಂತ್ರಗಳ ಬಿಇಎಂಎಲ್, ಎಲ್ಲ ಬೆಂಗಳೂರಿಗೇ. ಕಾರಣ ಇತ್ತು, ಅದನ್ನು ಒಪ್ಪಬೇಕು. ಗಡಿಯಿಂದ ದೂರ. ತಂಪು ಹವೆ. ಶಿವನಸಮುದ್ರದಿಂದ 1905ರಲ್ಲೇ ಬಂದ ವಿದ್ಯುತ್ತು. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ. ಆ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸಲು ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಎಂಜಿನಿಯರುಗಳು ಸೇರಿದರು. ಎಪ್ಪತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಸಿದ್ಧವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಸಾಫ್ಟ್‌ವೇರ್ ಆಕಾಶದಿಂದ ಬೆಂಗಳೂರಿಗೆ ಬೀಳಲಿಲ್ಲ. ನಲವತ್ತು ವರ್ಷ ಸರ್ಕಾರದ ದುಡ್ಡಿನಲ್ಲಿ ಹದ ಮಾಡಿದ ಹೊಲದಲ್ಲಿ ಅದು ಬೆಳೆಯಿತು.

ಇದೇ ಹೊತ್ತಿಗೆ ಉತ್ತರದಲ್ಲಿ ಏನಾಗುತ್ತಿತ್ತು? 1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ವಿಜಾಪುರಕ್ಕೆ ರಾಜಧಾನಿ ಮುಂಬೈ. ಕಲಬುರಗಿ, ರಾಯಚೂರು, ಬೀದರಿಗೆ ಹೈದರಾಬಾದ್. ಮಂಗಳೂರಿಗೆ ಮದ್ರಾಸು. ಅವರ ವ್ಯಾಪಾರ, ಓದು, ಆಸ್ಪತ್ರೆ, ನೆಂಟಸ್ತನ ಎಲ್ಲ ಆ ಕಡೆಗೇ ಇತ್ತು. ಬೀದರಿನಿಂದ ಹೈದರಾಬಾದಿಗೆ 140 ಕಿಲೋಮೀಟರ್, ಬೆಂಗಳೂರಿಗೆ 700ರ ಹತ್ತಿರ. ಭಾಷೆಯ ಪ್ರೀತಿಯಿಂದ ನಾವು ಒಂದಾದೆವು. ಅದಕ್ಕಾಗಿ ಜನ ಜೈಲಿಗೆ ಹೋದರು, ಉಪವಾಸ ಕೂತರು. ಆದರೆ ಒಂದಾದ ಮರುದಿನದಿಂದ ಬೀದರಿನ ಗುಮಾಸ್ತನ ವರ್ಗಾವಣೆಯ ಕಾಗದ 700 ಕಿಲೋಮೀಟರ್ ಆಚೆಯಿಂದ ಬರಬೇಕಾಯಿತು. ರಾಜ್ಯ ಒಂದಾಯಿತು, ಕಚೇರಿಗಳು ಒಂದೇ ಊರಿನಲ್ಲಿ ಉಳಿದವು. ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ, ದಾವಣಗೆರೆಯನ್ನೇ ರಾಜಧಾನಿ ಮಾಡಬೇಕು ಎಂಬ ಮಾತು ಆಗ ಇತ್ತು ಎನ್ನುತ್ತಾರೆ. ರಾಜ್ಯದ ನಟ್ಟ ನಡುವೆ ಇದೆಯಲ್ಲ, ಅದಕ್ಕೆ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2000ದ ಆಸುಪಾಸಿನಲ್ಲಿ ಹರಿಹರದ ಲೇತ್ ಕಾರ್ಖಾನೆ ನಿಂತುಹೋಯಿತು. ಅಲ್ಲಿ ಕಲಿತ ಕೆಲಸಗಾರರ ಕೈ ಎಂಥದ್ದು ಗೊತ್ತಾ? ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಸವರಿಯೇ ಹೇಳುತ್ತಿದ್ದರು. ಆಗ ನಾನು ಈ ಕಡೆಯ ಒಂದು ಶಾಖೆಗೆ ಮ್ಯಾನೇಜರ್. ಅಂಥ ಒಬ್ಬ ಟರ್ನರ್ ಎರಡು ಹಳೇ ಲೇತ್ ಕೊಂಡು ಶೆಡ್ ಹಾಕಿದ್ದರು. ಜೊತೆಗೆ ಎಂಟು ಜನ ಕೆಲಸಗಾರರು. ಪಂಪಿನ ಬಿಡಿಭಾಗಕ್ಕೆ ಒಂದು ಒಳ್ಳೇ ಆರ್ಡರ್ ಸಿಕ್ಕಿತು. ಅದಕ್ಕೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ಬೇಕು. ಸಾಲ ಕೇಳಲು ಬಂದರು. ನಾನು ಶೆಡ್ಡಿಗೆ ಹೋಗಿ ನೋಡಿದೆ, ಲೆಕ್ಕ ನೋಡಿದೆ, ಮನುಷ್ಯನನ್ನು ನೋಡಿದೆ. ಅನುಮಾನವೇ ಇರಲಿಲ್ಲ. ಆದರೆ ಅಷ್ಟು ದೊಡ್ಡ ಮೊತ್ತಕ್ಕೆ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ. ಫೈಲು ಪ್ರಾದೇಶಿಕ ಕಚೇರಿಗೆ ಹೋಯಿತು. ಅವರಿಗೂ ಇರಲಿಲ್ಲ. ಬೆಂಗಳೂರಿಗೆ ಹೋಯಿತು.

ಅಲ್ಲಿ ಕೂತವರು ಕೆಟ್ಟವರಲ್ಲ. ಅವರಿಗೆ ಹರಿಹರ ಗೊತ್ತಿಲ್ಲ, ಅಷ್ಟೇ. ಈ ಊರಲ್ಲಿ ಇಷ್ಟು ದೊಡ್ಡ ಯಂತ್ರ ಯಾಕೆ, ರಿಪೇರಿಗೆ ಯಾರು ಬರುತ್ತಾರೆ, ಜಾಗದ ಬೆಲೆ ಇಷ್ಟು ಕಡಿಮೆ ಇದ್ದರೆ ಜಾಮೀನು ಹೇಗೆ ಸಾಲುತ್ತದೆ ಎಂದು ಒಂದೊಂದೇ ಪ್ರಶ್ನೆ ವಾಪಸ್ ಬರುತ್ತಿತ್ತು. ಒಂದೊಂದಕ್ಕೆ ಮೂರು ವಾರ. ಆ ಟರ್ನರ್ ರಾತ್ರಿ ಬಸ್ಸಿಗೆ ಏಳು ಸಲ ಬೆಂಗಳೂರಿಗೆ ಹೋಗಿ ಬಂದರು. ಮಂಜೂರಾತಿ ಬರುವಷ್ಟರಲ್ಲಿ ಹನ್ನೊಂದು ತಿಂಗಳಾಗಿತ್ತು. ಆರ್ಡರ್ ಬೇರೆಯವರ ಪಾಲಾಗಿತ್ತು.

ಆ ಏಳು ಪ್ರಯಾಣದಲ್ಲಿ ಅವರಿಗೆ ಪೀಣ್ಯದ ನಾಲ್ಕು ಜನರ ಪರಿಚಯವಾಗಿತ್ತು. ಅಲ್ಲಿ ಬಾಡಿಗೆಗೆ ಶೆಡ್ ಇತ್ತು, ಯಂತ್ರ ರಿಪೇರಿ ಮಾಡುವವರು ಪಕ್ಕದ ಬೀದಿಯಲ್ಲೇ ಇದ್ದರು, ಬ್ಯಾಂಕಿನ ದೊಡ್ಡ ಕಚೇರಿಗೆ ಸಿಟಿ ಬಸ್ಸಿನಲ್ಲಿ ಹೋಗಬಹುದಿತ್ತು. ಅವರು ಅಲ್ಲಿಗೇ ಹೋದರು. ಎಂಟು ಕೆಲಸಗಾರರಲ್ಲಿ ನಾಲ್ಕು ಜನ ಜೊತೆಗೆ ಹೋದರು. ಉಳಿದ ನಾಲ್ವರಿಗೆ ವಯಸ್ಸಾದ ತಂದೆ ತಾಯಿ ಇದ್ದರು, ಹೋಗಲಾಗಲಿಲ್ಲ. ಅವರಲ್ಲಿ ಒಬ್ಬರು ಆಮೇಲೆ ಆಟೋ ಓಡಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಕೂದಲೆಳೆ ಅಳೆಯುವ ಬೆರಳು ಅದು. ಆ ಫೈಲಿನ ಮೇಲೆ ನನ್ನ ಸಹಿಯೂ ಇತ್ತು. ಶಿಫಾರಸಿನ ಸಹಿ. ಮಂಜೂರಾತಿಯ ಸಹಿ ಬೀಳುವ ಊರು ಬೇರೆಯಾಗಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತ ಮಾತು ಇದು. ಕಾರ್ಖಾನೆ, ರಸ್ತೆ, ವಿಮಾನ ನಿಲ್ದಾಣ ಎಲ್ಲ ಬೇಕು. ಆದರೆ ಊರನ್ನು ಬೆಳೆಸುವುದು ಅಲ್ಲಿ ಬೀಳುವ ಸಹಿ. ಯಾವ ಊರಿನಲ್ಲಿ ‘ಆಯ್ತು, ಮಾಡಿ’ ಎಂದು ಹೇಳುವವರು ಕೂತಿರುತ್ತಾರೋ ಆ ಊರಿಗೆ ವಕೀಲರು ಬರುತ್ತಾರೆ, ಲೆಕ್ಕ ಪರಿಶೋಧಕರು ಬರುತ್ತಾರೆ, ಲಾಡ್ಜು, ಹೋಟೆಲು, ಒಳ್ಳೇ ಶಾಲೆ ಬರುತ್ತದೆ. ಕೊನೆಗೆ ದುಡ್ಡೂ ಬರುತ್ತದೆ.

ಬ್ಯಾಂಕಿನ ಮಾತು ಬಂತು, ಕರಾವಳಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಮುಂದೆ ರಾಷ್ಟ್ರೀಕೃತ ಬ್ಯಾಂಕುಗಳಾದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ದೇಶದಲ್ಲಿ ಇಂಥ ಇನ್ನೊಂದು ಜಿಲ್ಲೆ ಹುಡುಕಿ ನೋಡಿ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ಮನೆ ಮನೆಗೆ ಹೋಗಿ ಎರಡಾಣೆ, ನಾಲ್ಕಾಣೆ ಕೂಡಿಸಿದರು. ಮೀನು ಮಾರುವ ಹೆಂಗಸಿಗೆ, ಹೋಟೆಲ್ ಇಡುವ ಹುಡುಗನಿಗೆ ಸಾಲ ಕೊಡುವ ಸಹಿ ಅದೇ ಊರಿನಲ್ಲಿ ಬೀಳುತ್ತಿತ್ತು. ರಾಜಧಾನಿಯ ಆಸರೆ ಇಲ್ಲದೆ ಆ ಜಿಲ್ಲೆ ಇಷ್ಟು ಮುಂದೆ ಬಂದದ್ದಕ್ಕೆ ಬಂದರು, ಶಾಲೆ, ಹೊರಗೆ ಹೋಗಿ ದುಡಿದವರ ಹಣ ಎಲ್ಲ ಕಾರಣ. ನನ್ನ ಪ್ರಕಾರ ಈ ಸಹಿಯೂ ಒಂದು ದೊಡ್ಡ ಕಾರಣ.

ಈಗ ಏನಾಗಿದೆ? ಕೆನರಾ, ವಿಜಯಾ ಎರಡರ ಹೆಡ್ ಆಫೀಸೂ ಎಷ್ಟೋ ಹಿಂದೆಯೇ ಬೆಂಗಳೂರಿಗೆ ಹೋಗಿದ್ದವು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಬ್ಯಾಂಕು ಮುಂಬೈನ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಶಾಖೆಗಳು ಅಲ್ಲೇ ಇವೆ, ಬೋರ್ಡು ಬದಲಾಗಿದೆ. ಗ್ರಾಹಕರಿಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮಂಗಳೂರಿನಲ್ಲಿ ಕೂತು ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕುತ್ತಿದ್ದ ಆ ಕುರ್ಚಿಗಳು ಈಗ ಅಲ್ಲಿಲ್ಲ. 1924ರ ಕರ್ನಾಟಕ ಬ್ಯಾಂಕ್ ಒಂದರ ಹೆಡ್ ಆಫೀಸು ಇನ್ನೂ ಮಂಗಳೂರಿನಲ್ಲಿದೆ. ಇನ್ನೊಂದು ಕಡೆ, ಗ್ರಾಮೀಣ ಬ್ಯಾಂಕುಗಳು ವಿಲೀನವಾಗುತ್ತಾ ಬಂದು 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಅದರ ಹೆಡ್ ಆಫೀಸು ಬಳ್ಳಾರಿಯಲ್ಲಿದೆ. ಧಾರವಾಡ ತನ್ನಲ್ಲಿದ್ದ ಗ್ರಾಮೀಣ ಬ್ಯಾಂಕಿನ ಹೆಡ್ ಆಫೀಸು ಕಳೆದುಕೊಂಡಿತು, ಅದು ನೋವಿನ ಸಂಗತಿಯೇ. ಆದರೂ ಇಡೀ ರಾಜ್ಯದ ಗ್ರಾಮೀಣ ಬ್ಯಾಂಕನ್ನು ಬಳ್ಳಾರಿಯಿಂದ ನಡೆಸಬಹುದಾದರೆ ಬೇರೆ ಎಷ್ಟನ್ನು ನಡೆಸಬಹುದು, ಯೋಚನೆ ಮಾಡಿ.

ನಿಮ್ಮದೇ ಉದಾಹರಣೆ ಇದೆ. ಎಂಜಿನಿಯರಿಂಗ್ ಓದುವವರು ಕೈ ಎತ್ತಿ. ನಿಮ್ಮ ಅಂಕಪಟ್ಟಿ ಎಲ್ಲಿಂದ ಬರುತ್ತದೆ? ಬೆಳಗಾವಿಯಿಂದ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದಾಗ ಕೇಂದ್ರ ಕಚೇರಿ ಅಲ್ಲೇ ಇಟ್ಟರು. ಬೆಂಗಳೂರಿನ ದೊಡ್ಡ ದೊಡ್ಡ ಕಾಲೇಜುಗಳೂ ಬೆಳಗಾವಿಯ ಕಡೆ ಮುಖ ಮಾಡಬೇಕಾಯಿತು. ಏನೂ ಮುಳುಗಲಿಲ್ಲ.

1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ದಾವಣಗೆರೆ, ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಉಡುಪಿ, ಚಾಮರಾಜನಗರ. ನನ್ನದು ರಾಣೇಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮಪ್ಪ ಜಮೀನಿನ ಒಂದು ತಕರಾರಿಗೆ ಡಿಸಿ ಕಚೇರಿಗೆ ಅಂತ ಧಾರವಾಡಕ್ಕೆ ಅಲೆದದ್ದು ನನಗೆ ನೆನಪಿದೆ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೋದರೆ ವಾಪಸ್ ಬರುವಾಗ ಕತ್ತಲು. ಸಾಹೇಬರು ಇಲ್ಲ ಎಂದರೆ ಆ ದಿನ ಹಾಳು. ಈಗ ನಮ್ಮೂರಿನವರು ಮುಂಜಾನೆ ಹಾವೇರಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ. ಹಾವೇರಿ ಆಗ ಒಂದು ತಾಲ್ಲೂಕು ಊರು. ಇವತ್ತು ಹೋಗಿ ನೋಡಿ. ಅಲ್ಲಿಗೆ ದೊಡ್ಡ ಕಾರ್ಖಾನೆ ಯಾವುದೂ ಬಂದು ಈ ಬದಲಾವಣೆ ತರಲಿಲ್ಲ. ಸಹಿ ಬಂತು. ಹಿಂದೆಯೇ ಝೆರಾಕ್ಸ್ ಅಂಗಡಿ, ವಕೀಲರು, ಮನೆ ಬಾಡಿಗೆ, ಖಾನಾವಳಿ, ನರ್ಸಿಂಗ್ ಹೋಮ್ ಬಂದವು.

ಹೈಕೋರ್ಟಿನದ್ದು ಇನ್ನೂ ದೊಡ್ಡ ಉದಾಹರಣೆ. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾಯಿತು. 2013ರಲ್ಲಿ ಎರಡೂ ಕಾಯಂ ಪೀಠಗಳಾದವು. ಅದಕ್ಕೆ ಮುಂಚೆ ಬೀದರಿನ ರೈತನೊಬ್ಬ ಹೈಕೋರ್ಟಿಗೆ ಹೋಗಬೇಕು ಅಂದರೆ ಒಂದು ರಾತ್ರಿ ಹೋಗಲು, ಒಂದು ರಾತ್ರಿ ಬರಲು, ನಡುವೆ ಲಾಡ್ಜು, ವಕೀಲರ ಫೀಸು. ಆ ಖರ್ಚಿಗೆ ಹೆದರಿ ನ್ಯಾಯ ಬಿಟ್ಟುಕೊಟ್ಟವರು ಎಷ್ಟು ಜನರೋ. ಈಗ ಧಾರವಾಡದಲ್ಲಿ ಕಾನೂನು ಓದಿದ ಹುಡುಗಿ ಧಾರವಾಡದಲ್ಲೇ ಹೈಕೋರ್ಟ್ ವಕೀಲಿ ಮಾಡಬಹುದು. ಅವಳು ಬೆಂಗಳೂರಿನ ಬಸ್ಸು ಹತ್ತಲಿಲ್ಲ. ನಿಮ್ಮ ದಾವಣಗೆರೆ ಜಿಲ್ಲೆ ಮಾತ್ರ ಇನ್ನೂ ಬೆಂಗಳೂರು ಪೀಠದ ಕೆಳಗೇ ಇದೆ. ಮನೆಗೆ ಹೋಗಿ ಕರೆಂಟ್ ಬಿಲ್ ನೋಡಿ, ಬೆಸ್ಕಾಂ ಅಂತ ಇರುತ್ತದೆ. ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ. ಹುಬ್ಬಳ್ಳಿಗೆ ಹೆಸ್ಕಾಂ ಇದೆ, ಕಲಬುರಗಿಗೆ ಜೆಸ್ಕಾಂ ಇದೆ. 260 ಕಿಲೋಮೀಟರ್ ದೂರದ ನಿಮ್ಮ ಟ್ರಾನ್ಸ್‌ಫಾರ್ಮರಿನ ಒಡೆಯರು ಬೆಂಗಳೂರಿನಲ್ಲಿದ್ದಾರೆ.

ಇನ್ನು ಬೆಳಗಾವಿಯ ಸುವರ್ಣ ವಿಧಾನಸೌಧ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದರು. ಅದನ್ನು ನೋಡಿ ನನಗೂ ಹೆಮ್ಮೆಯಾಯಿತು, ಗಡಿಯ ಊರಿನಲ್ಲಿ ಅಂಥ ಕಟ್ಟಡ ಎದ್ದು ನಿಲ್ಲಬೇಕಿತ್ತು. ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ಸುಮಾರು ಹತ್ತು ದಿನ. ಆ ಹತ್ತು ದಿನ ಬೆಳಗಾವಿಯಲ್ಲಿ ರೂಮು ಸಿಗುವುದಿಲ್ಲ. ಆಮೇಲೆ ಫೈಲುಗಳನ್ನು ಕಟ್ಟಿಕೊಂಡು ಎಲ್ಲರೂ ವಾಪಸ್. ಮುಖ್ಯ ಇಲಾಖೆಗಳು ಬೆಂಗಳೂರಿನಲ್ಲೇ ಇವೆ. ಕಟ್ಟಡ ಉತ್ತರಕ್ಕೆ ಬಂದಿದೆ, ಸಹಿ ಬಂದಿಲ್ಲ. ನಮಗೆ ಕಲ್ಲಿನ ಕಟ್ಟಡಕ್ಕಿಂತ ನಾಲ್ಕು ಇಲಾಖೆಯ ನಿರ್ದೇಶನಾಲಯ ಹೆಚ್ಚು ಉಪಯೋಗ. ನೀರಾವರಿಯದ್ದೋ ಸಕ್ಕರೆಯದ್ದೋ ಪೂರ್ತಿ ಅಧಿಕಾರದ ಕಚೇರಿ ಅಲ್ಲಿ ವರ್ಷಪೂರ್ತಿ ನಡೆಯಲಿ.

ಸರ್ಕಾರಗಳು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ನೀವು ಓದಲೇಬೇಕು. ಅವರು ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದರು. ಮೂವತ್ತೈದು ಮಾನದಂಡ ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನೂ ಅಳೆದರು. 114 ಹಿಂದುಳಿದವು ಎಂದು ಕಂಡಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಮಾಗಡಿ, ಕನಕಪುರವೂ ಆ ಪಟ್ಟಿಯಲ್ಲಿದ್ದವು. ದೀಪದ ಬುಡದಲ್ಲಿ ಕತ್ತಲು. ಹಾಗಾಗಿ ಇದು ಬರೀ ಉತ್ತರ ದಕ್ಷಿಣದ ಜಗಳ ಅಲ್ಲ.

ಆ ವರದಿಯ ಮೇಲೆ ದುಡ್ಡು ಬಂತು. ಕಲ್ಯಾಣ ಕರ್ನಾಟಕಕ್ಕೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಕಲಮು ಬಂತು. ಕಲಬುರಗಿಯ ಮಕ್ಕಳಿಗೆ ಮೆಡಿಕಲ್ ಸೀಟು, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿದ್ದನ್ನು ನಾನು ಅಲ್ಲೇ ಇದ್ದು ನೋಡಿದ್ದೇನೆ. ಅದು ಸಣ್ಣದಲ್ಲ. ನಿಮ್ಮ ಹರಪನಹಳ್ಳಿಯ ಕಥೆ ನಿಮಗೇ ಗೊತ್ತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂದ ತಾಲ್ಲೂಕು 371ಜೆಗಾಗಿ ಹೋರಾಡಿ ಮತ್ತೆ ಬಳ್ಳಾರಿಗೆ ಸೇರಿತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಂದು ಕಲಮಿಗಾಗಿ ಒಂದು ತಾಲ್ಲೂಕಿನ ಜನ ಜಿಲ್ಲೆಯನ್ನೇ ಬಿಟ್ಟರು ಎಂದರೆ ಅದರ ಬೆಲೆ ಎಷ್ಟು ನೋಡಿ. ಆದರೂ ಬಂದ ದುಡ್ಡು ಪೂರ್ತಿ ಖರ್ಚಾಗದೆ ಉಳಿದ ವರ್ಷಗಳಿವೆ. ಯಾಕೆ? ಎಂಜಿನಿಯರ್ ಹುದ್ದೆ ಖಾಲಿ, ವೈದ್ಯರ ಹುದ್ದೆ ಖಾಲಿ, ಮೇಷ್ಟ್ರ ಹುದ್ದೆ ಖಾಲಿ. ಹುದ್ದೆ ತುಂಬುವ ಆದೇಶ ಎಲ್ಲಿಂದ ಬರಬೇಕು? ನೀವೇ ಹೇಳಿ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ಆಯಿತು. ಎಷ್ಟು ಕೋಟಿ ಎಂಬ ಜೊತೆಗೆ ಅದನ್ನು ಯಾವ ಊರಿನಲ್ಲಿ ಕೂತವರು ಖರ್ಚು ಮಾಡುತ್ತಾರೆ ಎಂಬ ಪ್ರಶ್ನೆಯನ್ನೂ ನಾವು ಕೇಳಬೇಕು.

ಇಲ್ಲಿ ಒಂದು ಮಾತು. ನನಗೆ ಬೆಂಗಳೂರಿನ ಮೇಲೆ ಸಿಟ್ಟಿಲ್ಲ. ನನ್ನ ಮಗಳು, ಅಳಿಯ ಅಲ್ಲೇ ಇದ್ದಾರೆ. ಒಂದೇ ಊರಲ್ಲಿ ಸಾವಿರ ಕಂಪನಿ ಇದ್ದರೆ ಏನು ಲಾಭ ಎಂದು ಅವರನ್ನು ನೋಡಿದರೆ ಗೊತ್ತಾಗುತ್ತದೆ. ಮಗಳು ಮನೆ ಬದಲಿಸದೆ ಮೂರು ಕೆಲಸ ಬದಲಿಸಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ಓದಿಗೆ ತಕ್ಕ ಕೆಲಸ ಒಂದೇ ಊರಲ್ಲಿ ಸಿಕ್ಕಿದೆ. ದಾವಣಗೆರೆಯಲ್ಲಿ ಒಬ್ಬರಿಗೆ ಸಿಗಬಹುದು, ಇಬ್ಬರಿಗೆ ಕಷ್ಟ. ಓದಿದ ಹೆಣ್ಣುಮಕ್ಕಳು ಊರಿಗೆ ವಾಪಸ್ ಬರದಿರುವುದಕ್ಕೆ ಇದು ದೊಡ್ಡ ಕಾರಣ, ಇದನ್ನು ಯಾವ ಸಮಿತಿಯೂ ಗಟ್ಟಿಯಾಗಿ ಹೇಳುವುದಿಲ್ಲ. ಮದುವೆ ಮಾತುಕತೆಯಲ್ಲಿ ಮೊದಲ ಪ್ರಶ್ನೆ ಈಗ ‘ಹುಡುಗ ಬೆಂಗಳೂರಲ್ಲಿ ಇದ್ದಾನಾ?’ ಎಂದು. ನಾಲ್ಕೆಕರೆ ತೋಟ ಇರುವ ಹುಡುಗನಿಗೆ ಹೆಣ್ಣು ಸಿಗದೆ ಅವನ ತಾಯಿ ಕಣ್ಣೀರು ಹಾಕುವುದನ್ನು ನೋಡಿದ್ದೇನೆ.

ಆದರೆ ಬೆಂಗಳೂರಿಗೂ ಇದು ಭಾರವಾಗಿದೆ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಹಂತ ಹಂತವಾಗಿ ನೂರಾರು ಮೀಟರ್ ಮೇಲಕ್ಕೆ ಎತ್ತಿ ಆ ಊರಿಗೆ ತರಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಜನ ಪರದಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಆರನೇದರ ಮಾತು ಆಗಲೇ ಬಂದಿದೆ. ಬೆಂಗಳೂರಿನ ಕಾವೇರಿ ಹಂತಗಳಿಗೆ ಕೊಟ್ಟ ಗಮನದ ಕಾಲು ಭಾಗವಾದರೂ ಹುಬ್ಬಳ್ಳಿಗೆ ಸಿಕ್ಕಿದ್ದರೆ, ಮಲಪ್ರಭೆಯ ನೀರಿಗಾಗಿ ಅಲ್ಲಿನ ತಾಯಂದಿರು ಐದಾರು ದಿನ, ಎಂಟು ದಿನ ಕಾಯಬೇಕಿತ್ತಾ?

ಸಂಜೆ ಹೊತ್ತು ನಿಮ್ಮ ದಾವಣಗೆರೆಯ ಎಂಸಿಸಿ ಬ್ಲಾಕ್ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ. ಎಂಥೆಂಥ ದೊಡ್ಡ ಮನೆಗಳು. ಗೇಟಿನ ಮುಂದೆ ರಂಗೋಲಿ. ಒಳಗೆ ಇಬ್ಬರು ವಯಸ್ಸಾದವರು, ಮೇಲಿನ ಮಹಡಿಗೆ ಬೀಗ. ಮಗ ವೈಟ್‌ಫೀಲ್ಡಿನಲ್ಲಿ ಎರಡು ರೂಮಿನ ಮನೆಯ ಕಂತು ಕಟ್ಟುತ್ತಿದ್ದಾನೆ. 1965ರಿಂದ ಈ ಊರಲ್ಲಿ ಮೆಡಿಕಲ್ ಕಾಲೇಜಿದೆ, 1951ರಿಂದಲೇ ಎಂಜಿನಿಯರಿಂಗ್ ಕಾಲೇಜಿದೆ. ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಊರು ಉಳಿದದ್ದೇ ಈ ಕಾಲೇಜುಗಳಿಂದ. ಬಿತ್ತಿ ಬೆಳೆಸುವುದು ಇಲ್ಲಿ, ಸುಗ್ಗಿ ಅಲ್ಲಿ.

ನನ್ನಿಂದ ನಿಮಗೊಂದು ಕೆಲಸ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತೀರಲ್ಲ, ಇದನ್ನು ತೆಗೆದುಕೊಳ್ಳಿ. ನಾಲ್ಕೈದು ಜನ ಗುಂಪಾಗಿ. ಒಂದು ಗುಂಪು ಮಹಾನಗರ ಪಾಲಿಕೆಗೆ ಹೋಗಿ, ಒಂದು ಗುಂಪು ಜಿಲ್ಲಾಸ್ಪತ್ರೆಗೆ, ಒಂದು ಕೈಗಾರಿಕಾ ಕೇಂದ್ರಕ್ಕೆ, ಒಂದು ಎಪಿಎಂಸಿಗೆ. ಅಲ್ಲಿನ ಅಧಿಕಾರಿಯನ್ನು, ಗುಮಾಸ್ತರನ್ನು ಮರ್ಯಾದೆಯಿಂದ ಕೇಳಿ. ‘ಸಾರ್, ಯಾವ ಯಾವ ಕೆಲಸಕ್ಕೆ ನಿಮ್ಮ ಸಹಿ ಸಾಕು? ಯಾವುದಕ್ಕೆ ಬೆಂಗಳೂರಿಗೆ ಕಳಿಸಬೇಕು? ಎಷ್ಟು ರೂಪಾಯಿ ದಾಟಿದರೆ ಕಳಿಸಬೇಕು? ಎಷ್ಟು ದಿನಕ್ಕೆ ವಾಪಸ್ ಬರುತ್ತದೆ?’ ಸುಮ್ನೆ ಬಾಯಿಮಾತಿಗೆ ಬಿಡಬೇಡಿ, ಬರೆದುಕೊಳ್ಳಿ. ಅವರು ಖಂಡಿತ ಹೇಳುತ್ತಾರೆ, ಅವರಿಗೂ ಅದೇ ನೋವು. ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದರ ಮುಂದೆ ಅದು ಬೆಂಗಳೂರಿನಲ್ಲೇ ಇರಬೇಕಾ ಎಂದು ಕೂತು ಚರ್ಚೆ ಮಾಡಿ. ಕೆಲವು ಇರಬೇಕು, ನಿಜ. ಉಳಿದವನ್ನು ಎಣಿಸಿ, ನಿಮ್ಮ ಶಾಸಕರಿಗೆ ಒಂದು ಪ್ರತಿ ಕೊಡಿ, ಪತ್ರಿಕೆಗೆ ಒಂದು ಕೊಡಿ. ಬ್ಯಾಂಕಿನ ಸಾಲಗಳ ಪಟ್ಟಿಯನ್ನು ನಾನು ಬರೆದು ಕೊಡುತ್ತೇನೆ. ಹರಿಹರದ ಆ ಶೆಡ್ಡಿಗೂ ಯಾರಾದರೂ ಒಬ್ಬರು ಹೋಗಿ ಬನ್ನಿ. ಬೀಗ ಹಾಕಿದೆ, ಆದರೆ ಗೋಡೆ ಇನ್ನೂ ಗಟ್ಟಿಯಾಗಿದೆ.